ಹುಡುಗಾಟವೋ, ಪುಂಡಾಟವೋ?

ಪಾಠದ ನಡುವೆ ಹುಡುಗನೊಬ್ಬ ಪಕ್ಕದವನ ಪೆನ್ಸಿಲ್ ಕಸಿದುಕೊಂಡು ಜೋರಾಗಿ ನಗುತ್ತಾನೆ. ‘ಏಯ್, ಸುಮ್ನಿರೋ’ ಅಂದರೆ ‘ನಾನೇನ್ ಮಾಡ್ದೆ?’ ಅಂತ ಎದುರು ಮಾತಾಡುತ್ತಾನೆ. ಇದಕ್ಕೆ ಕನ್ನಡದಲ್ಲಿ ಎರಡು ಹೆಸರಿವೆ. ಒಂದು ಹುಡುಗಾಟ, ಇನ್ನೊಂದು ಪುಂಡಾಟ. ನಡೆದದ್ದು ಒಂದೇ. ಆದರೆ ನೋಡಿದವರ ಬಾಯಿಗೆ ಯಾವ ಪದ ಮೊದಲು ಬಂತು ಅನ್ನೋದರ ಮೇಲೆ ಆ ಹುಡುಗನ ಮುಂದಿನ ಹತ್ತು ನಿಮಿಷ, ಕೆಲವೊಮ್ಮೆ ಮುಂದಿನ ಹತ್ತು ವರ್ಷ ನಿಂತಿರುತ್ತದೆ. ಹುಡುಗಾಟ ಅಂದುಕೊಂಡರೆ ಗದರಿಸಿ ಕೂರಿಸಿದಲ್ಲಿಗೆ ಮುಗೀತು, ನಾಳೆಗೆ ಯಾರಿಗೂ ನೆನಪಿರುವುದಿಲ್ಲ. ಪುಂಡಾಟ ಅಂದುಕೊಂಡರೆ ಅವನು ಮಾಡಿದ ಕೆಲಸ ಅವನ ಗುಣವಾಗಿಬಿಡುತ್ತದೆ. ಪ್ರಿನ್ಸಿಪಾಲರ ಕೋಣೆ, ಒಂದು ಕಾಗದ, ಅದರ ಮೇಲೊಂದು ಸಹಿ.

ಹುಡುಗಾಟ ಅನ್ನೋ ಪದದಲ್ಲಿ ಒಂದು ಔದಾರ್ಯ ಇದೆ. ಇವನು ಇನ್ನೂ ಹುಡುಗ, ಮುಗಿದ ಮನುಷ್ಯ ಅಲ್ಲ, ಇವತ್ತು ಮಾಡಿದ್ದು ನಾಳೆಯ ಇವನಿಗೆ ಸಾಕ್ಷಿಯಲ್ಲ ಅನ್ನೋ ಒಪ್ಪಂದ ಅದರಲ್ಲಿದೆ. ಕೋರ್ಟಿನ ಭಾಷೆಯಲ್ಲಿ ಹೇಳುವುದಾದರೆ ಸಂಶಯದ ಲಾಭ. ನನ್ನ ಪ್ರಶ್ನೆ ಇಷ್ಟೇ: ಈ ಸಂಶಯದ ಲಾಭ ದೊಡ್ಡವರು ಮಕ್ಕಳಿಗೆ ಕೊಡುವ ಉಪಕಾರವೋ, ಇಲ್ಲಾ ಮಕ್ಕಳಿಗೆ ಸಲ್ಲಬೇಕಾದ ಬಾಕಿಯೋ? ಉಪಕಾರ ಅಂತಾದರೆ ಯಾರಿಗೆ ಬೇಕೋ ಅವರಿಗೆ ಕೊಡಬಹುದು, ಬೇಡ ಅನ್ನಿಸಿದವರಿಗೆ ಬಿಡಬಹುದು. ಬಾಕಿ ಅಂತಾದರೆ ಕೊಡದೇ ಇರುವುದು ಅನ್ಯಾಯ. ಈ ಪ್ರಶ್ನೆ ಪುಸ್ತಕದ ಪ್ರಶ್ನೆಯಾಗಿ ಉಳಿಯದೆ ದಿನನಿತ್ಯದ ಬದುಕಾಗಿರುವ ಒಂದು ಕಡೆ ಇದೆ. ಅಮೆರಿಕದ ನಗರಗಳ ಸರ್ಕಾರಿ ಶಾಲೆಗಳು, ಅಲ್ಲಿ ಓದುವ ಕಪ್ಪು ಹುಡುಗರು.

2015ರಲ್ಲಿ ಸ್ಟ್ಯಾನ್‌ಫರ್ಡ್‌ನ ಜೇಸನ್ ಒಕೊನೊಫುವಾ ಮತ್ತು ಜೆನ್ನಿಫರ್ ಎಬರ್‌ಹಾರ್ಟ್ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಶಾಲಾ ಶಿಕ್ಷಕರ ಕೈಗೆ ಒಬ್ಬ ವಿದ್ಯಾರ್ಥಿಯ ದಾಖಲೆ ಕೊಟ್ಟರು. ಅದರಲ್ಲಿ ಎರಡು ಸಣ್ಣ ತಪ್ಪುಗಳ ವಿವರ ಇತ್ತು, ಮಾತು ಕೇಳಲಿಲ್ಲ, ತರಗತಿಗೆ ತೊಂದರೆ ಕೊಟ್ಟ ಅನ್ನೋ ತರಹದವು. ಎಲ್ಲರಿಗೂ ಅದೇ ದಾಖಲೆ, ಅದೇ ವಾಕ್ಯಗಳು. ಹೆಸರು ಮಾತ್ರ ಬೇರೆ. ಕೆಲವರಿಗೆ ಡಾರ್ನೆಲ್ ಅಥವಾ ಡೆಶಾನ್, ಅಂದರೆ ಕೇಳಿದ ತಕ್ಷಣ ಕಪ್ಪು ಹುಡುಗ ಅನ್ನಿಸುವ ಹೆಸರು. ಇನ್ನು ಕೆಲವರಿಗೆ ಗ್ರೆಗ್ ಅಥವಾ ಜೇಕ್. ಮೊದಲ ತಪ್ಪು ಓದಿದಾಗ ಶಿಕ್ಷಕರ ಪ್ರತಿಕ್ರಿಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ವ್ಯತ್ಯಾಸ ಬಂದದ್ದು ಎರಡನೇ ತಪ್ಪಿಗೆ. ಕಪ್ಪು ಹೆಸರಿನ ಹುಡುಗನ ಎರಡನೇ ತಪ್ಪು ಅವರಿಗೆ ಹೆಚ್ಚು ಕಿರಿಕಿರಿ ಮಾಡಿತು, ಅವನಿಗೆ ಹೆಚ್ಚು ಕಠಿಣ ಶಿಕ್ಷೆ ಬೇಕು ಅನ್ನಿಸಿತು. ಇವನದು ಇದೇ ಆಯ್ತು, ಇವನು ತರಲೆ ಅನ್ನೋ ತೀರ್ಮಾನಕ್ಕೆ ಅವರು ಬೇಗ ಬಂದರು.

ಗಮನಿಸಿ, ಈ ಶಿಕ್ಷಕರು ಯಾರೂ ಕೆಟ್ಟವರಲ್ಲ. ಮೊದಲ ತಪ್ಪಿಗೆ ಇಬ್ಬರನ್ನೂ ಒಂದೇ ರೀತಿ ಕಂಡರು. ಆದರೆ ಗ್ರೆಗ್‌ನ ಎರಡು ತಪ್ಪು ಎರಡು ಬಿಡಿ ಘಟನೆಗಳಾಗಿ ಉಳಿದವು. ಡಾರ್ನೆಲ್‌ನ ಎರಡು ತಪ್ಪನ್ನು ಒಂದು ಗೆರೆ ಎಳೆದು ಜೋಡಿಸಲಾಯಿತು. ಎರಡು ಚುಕ್ಕೆ ಸಿಕ್ಕರೆ ಗೆರೆ ಎಳೆಯಬಹುದು, ನಿಜ. ಆದರೆ ಎಲ್ಲರ ಚುಕ್ಕೆಗಳ ನಡುವೆಯೂ ಗೆರೆ ಎಳೆಯುವುದಿಲ್ಲ ಅನ್ನೋದೇ ಇಲ್ಲಿನ ವಿಷಯ.

ಇದು ಪ್ರಯೋಗದ ಕೋಣೆಯ ಮಾತು, ನಿಜ ಶಾಲೆಯಲ್ಲಿ ಹೇಗೆ ಅಂತ ನೀವು ಕೇಳಬಹುದು. ಅಮೆರಿಕದ ಶಿಕ್ಷಣ ಇಲಾಖೆಯೇ ಸಂಗ್ರಹಿಸುವ ಲೆಕ್ಕ ಇದೆ. 2013-14ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ಕಪ್ಪು ಮಕ್ಕಳು ನೂರಕ್ಕೆ 15.5, ಸಸ್ಪೆಂಡ್ ಆದವರಲ್ಲಿ ಸುಮಾರು 39. ಅಮೆರಿಕನ್ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2018ರಲ್ಲಿ ಈ ಅಂಕಿಗಳನ್ನು ಕೂಲಂಕಷವಾಗಿ ನೋಡಿ, ಶಾಲೆ ಬಡ ಮಕ್ಕಳದ್ದಿರಲಿ ಅನುಕೂಲಸ್ಥರದ್ದಿರಲಿ, ಶಿಕ್ಷೆ ಯಾವ ಬಗೆಯದ್ದಿರಲಿ, ಈ ಅಂತರ ಇದ್ದೇ ಇದೆ ಅಂತ ವರದಿ ಕೊಟ್ಟಿತು. ಕಪ್ಪು ಹುಡುಗಿಯರೂ ಇದರಿಂದ ತಪ್ಪಿಸಿಕೊಂಡಿಲ್ಲ. ಆದರೆ ಗಂಡು ಮತ್ತು ಕಪ್ಪು ಎರಡೂ ಸೇರಿದಲ್ಲಿ ಹೊಡೆತ ಜೋರು.

ಇದೇ ವರ್ಷದ ಇನ್ನೊಂದು ಅಂಕಿ ನನಗೆ ಇನ್ನೂ ಅರಗಿಲ್ಲ. ಪ್ರೀಸ್ಕೂಲ್, ಅಂದರೆ ನಮ್ಮ ಅಂಗನವಾಡಿ ವಯಸ್ಸಿನ ಮಕ್ಕಳು. ಸರ್ಕಾರಿ ಪ್ರೀಸ್ಕೂಲುಗಳಲ್ಲಿ ಕಪ್ಪು ಮಕ್ಕಳು ನೂರಕ್ಕೆ 19, ಅಲ್ಲಿಂದ ಸಸ್ಪೆಂಡ್ ಆಗಿ ಮನೆಗೆ ಹೋದವರಲ್ಲಿ 47. ನಾಲ್ಕು ವರ್ಷದ ಮಗುವನ್ನು ಸಸ್ಪೆಂಡ್ ಮಾಡೋದು ಅಂದರೇನು? ಅದಕ್ಕೆ ಇನ್ನೂ ಚಪ್ಪಲಿ ಎಡ ಯಾವುದು ಬಲ ಯಾವುದು ಗೊತ್ತಿರುವುದಿಲ್ಲ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಅಂತ ನಮ್ಮಲ್ಲಿ ಗಾದೆ ಇದೆ. ಅದೇ ಕಣ್ಣಿಗೆ ಮೊಳಕೆಯಲ್ಲೇ ಕಳ್ಳಿ ಕಾಣುವುದೂ ಸಾಧ್ಯ ಅನ್ನೋದನ್ನ ಗಾದೆ ಮಾಡಿದವರು ಯೋಚಿಸಿರಲಿಕ್ಕಿಲ್ಲ.

ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಗಿಲಿಯಂ ಮತ್ತು ಸಂಗಡಿಗರು 2016ರಲ್ಲಿ ಈ ಕಣ್ಣನ್ನೇ ಅಳೆದರು. ಪ್ರೀಸ್ಕೂಲ್ ಶಿಕ್ಷಕರಿಗೆ ನಾಲ್ಕು ಮಕ್ಕಳ ವಿಡಿಯೋ ತೋರಿಸಿದರು. ಕಪ್ಪು ಹುಡುಗ, ಕಪ್ಪು ಹುಡುಗಿ, ಬಿಳಿ ಹುಡುಗ, ಬಿಳಿ ಹುಡುಗಿ. ಯಾರಾದರೂ ತಂಟೆ ಶುರು ಮಾಡ್ತಾರಾ ನೋಡ್ತಾ ಇರಿ ಅಂತ ಹೇಳಿದರು. ವಿಡಿಯೋದಲ್ಲಿ ತಂಟೆಯೇ ಇರಲಿಲ್ಲ. ಆದರೆ ಕಣ್ಣಿನ ಚಲನೆ ಅಳೆಯುವ ಯಂತ್ರದ ಪ್ರಕಾರ ಶಿಕ್ಷಕರ ನೋಟ ಹೆಚ್ಚು ಹೊತ್ತು ಕಪ್ಪು ಹುಡುಗನ ಮೇಲೆ ನಿಂತಿತ್ತು. ಬಿಳಿಯ ಶಿಕ್ಷಕರದ್ದಷ್ಟೇ ಅಲ್ಲ, ಕಪ್ಪು ಶಿಕ್ಷಕರದ್ದೂ. ಹಾಗಾಗಿ ಇದು ದ್ವೇಷದ ಕತೆ ಅಂತ ಷರಾ ಬರೆದು ಮುಗಿಸಲಿಕ್ಕೆ ಬರುವುದಿಲ್ಲ. ಹುಡುಕಿದವರಿಗೆ ಸಿಗುತ್ತದೆ ಅಷ್ಟೇ. ಎಲ್ಲ ಮಕ್ಕಳೂ ದಿನಕ್ಕೆ ಹತ್ತು ಸಲ ತುಂಟತನ ಮಾಡುತ್ತವೆ. ಯಾರನ್ನು ನೋಡುತ್ತಿರುತ್ತೇವೋ ಅವರದು ಕಣ್ಣಿಗೆ ಬೀಳುತ್ತದೆ.

ಸರಿ, ಕಣ್ಣಿಗೆ ಬಿದ್ದ ಮೇಲೆ ಕಾಗದದ ಮೇಲೆ ಏನು ಬರೆಯುತ್ತಾರೆ? ರಸೆಲ್ ಸ್ಕಿಬಾ ಮತ್ತು ಸಂಗಡಿಗರು ಅಮೆರಿಕದ ಮಧ್ಯಪಶ್ಚಿಮದ ಒಂದು ನಗರದ 19 ಮಾಧ್ಯಮಿಕ ಶಾಲೆಗಳ, ಹನ್ನೊಂದು ಸಾವಿರ ಮಕ್ಕಳ ಶಿಸ್ತಿನ ದಾಖಲೆಗಳನ್ನು ತೆಗೆದು ನೋಡಿ 2002ರಲ್ಲಿ ಬರೆದರು. ಬಿಳಿಯ ಮಕ್ಕಳನ್ನು ಆಫೀಸಿಗೆ ಹೆಚ್ಚಾಗಿ ಕಳಿಸಿದ್ದ ಕಾರಣಗಳು: ಸಿಗರೇಟು ಸೇದಿದ, ಶಾಲೆಯ ಆಸ್ತಿ ಹಾಳು ಮಾಡಿದ, ಹೇಳದೆ ಹೊರಗೆ ಹೋದ, ಅಶ್ಲೀಲವಾಗಿ ಬೈದ. ಕಪ್ಪು ಮಕ್ಕಳನ್ನು ಹೆಚ್ಚಾಗಿ ಕಳಿಸಿದ್ದ ಕಾರಣಗಳು: ಅಗೌರವ ತೋರಿದ, ಅತಿಯಾಗಿ ಗದ್ದಲ ಮಾಡಿದ, ಬೆದರಿಕೆ ಹಾಕಿದ, ಸುಮ್ಮನೆ ಅಲ್ಲಿ ಇಲ್ಲಿ ನಿಂತಿದ್ದ.

ಈ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಇನ್ನೊಮ್ಮೆ ಓದಿ. ನಾನು ಕೋಡ್ ಬರೆದು ಹೊಟ್ಟೆ ಹೊರೆಯುವವನು. ಮೊದಲ ಪಟ್ಟಿಗೆ ನಾನು ಕೋಡ್ ಬರೆಯಬಲ್ಲೆ. ಸಿಗರೇಟು ಇತ್ತೋ ಇಲ್ಲವೋ, ಗೇಟು ದಾಟಿದನೋ ಇಲ್ಲವೋ, ಹೌದು ಅಥವಾ ಇಲ್ಲ. ಎರಡನೇ ಪಟ್ಟಿಗೆ ಬರೆಯಲಾರೆ. ‘ಅಗೌರವ’ಕ್ಕೆ ಏನು ಟೆಸ್ಟ್ ಬರೆಯೋದು? ‘ಅತಿ’ ಎಲ್ಲಿಂದ ಶುರು? ಇವು ಹುಡುಗ ಮಾಡಿದ ಕೆಲಸದ ಹೆಸರುಗಳಲ್ಲ, ನೋಡಿದವರಿಗೆ ಆದ ಅನುಭವದ ಹೆಸರುಗಳು. ಒಬ್ಬರಿಗೆ ಪಟಪಟ ಮಾತಾಡುವ ಚೂಟಿ ಹುಡುಗ ಅನ್ನಿಸಿದವನು ಇನ್ನೊಬ್ಬರಿಗೆ ಉದ್ಧಟ ಅನ್ನಿಸುತ್ತಾನೆ.

ಟೆಕ್ಸಾಸ್ ರಾಜ್ಯದ ಲೆಕ್ಕ ಇದನ್ನೇ ಬೇರೆ ರೀತಿ ಹೇಳುತ್ತದೆ. 2000, 2001, 2002ರಲ್ಲಿ ಅಲ್ಲಿ ಏಳನೇ ತರಗತಿಯಲ್ಲಿದ್ದ ಹತ್ತು ಲಕ್ಷದ ಹತ್ತಿರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ 2011ರಲ್ಲಿ ಹೊರಬಂತು. ಹನ್ನೆರಡನೇ ತರಗತಿ ಮುಗಿಯುವಷ್ಟರಲ್ಲಿ ಹತ್ತರಲ್ಲಿ ಆರು ಮಕ್ಕಳು ಒಮ್ಮೆಯಾದರೂ ತರಗತಿಯಿಂದ ಅಥವಾ ಶಾಲೆಯಿಂದ ಹೊರಗೆ ಹಾಕಿಸಿಕೊಂಡಿದ್ದರು. ಇವುಗಳಲ್ಲಿ ಕಾನೂನು ‘ಹೊರಗೆ ಹಾಕಲೇಬೇಕು’ ಅಂದ ಪ್ರಕರಣಗಳು ನೂರಕ್ಕೆ ಮೂರೂ ಇಲ್ಲ. ಉಳಿದವೆಲ್ಲ ಶಾಲೆಯವರ ವಿವೇಚನೆಗೆ ಬಿಟ್ಟವು. ಉಳಿದೆಲ್ಲ ವಿಷಯಗಳಲ್ಲೂ ಸಮಾನವಾಗಿದ್ದ ಮಕ್ಕಳನ್ನು ಹೋಲಿಸಿದಾಗ, ಈ ವಿವೇಚನೆಯ ಶಿಕ್ಷೆಗೆ ಕಪ್ಪು ವಿದ್ಯಾರ್ಥಿಗಳು ಸಿಕ್ಕಿಬೀಳುವ ಸಂಭವ ನೂರಕ್ಕೆ 31ರಷ್ಟು ಹೆಚ್ಚು. ಕಾನೂನೇ ಕಡ್ಡಾಯ ಮಾಡಿದ್ದ ಗಂಭೀರ ಅಪರಾಧಗಳಲ್ಲಿ ಅವರ ಪಾಲು ಹಾಗೆ ಹೆಚ್ಚಿರಲಿಲ್ಲ. ಅಂದರೆ ಎಲ್ಲಿ ನಿಯಮ ಸ್ಪಷ್ಟವೋ ಅಲ್ಲಿ ಈ ಅಂತರ ಇಲ್ಲ. ಎಲ್ಲಿ ಮನುಷ್ಯ ತೀರ್ಮಾನಿಸಬೇಕೋ ಅಲ್ಲಿ ಇದೆ.

ಹಾಗಾದರೆ ಪರಿಹಾರ ಸುಲಭ ಅಂತ ಇಂಜಿನಿಯರ್ ತಲೆಗೆ ತಕ್ಷಣ ಹೊಳೆಯುತ್ತದೆ. ವಿವೇಚನೆ ತೆಗೆದುಹಾಕಿ, ಎಲ್ಲವನ್ನೂ ನಿಯಮ ಮಾಡಿ. ಇಂಥ ತಪ್ಪಿಗೆ ಇಂಥ ಶಿಕ್ಷೆ, ಯಾರಾದರೂ ಸರಿ. ಅಮೆರಿಕ ಇದನ್ನ ಮಾಡಿ ನೋಡಿದೆ. 1994ರಲ್ಲಿ ಶಾಲೆಗೆ ಬಂದೂಕು ತಂದವರನ್ನು ಒಂದು ವರ್ಷ ಹೊರಹಾಕಬೇಕು ಅನ್ನೋ ಕೇಂದ್ರ ಕಾನೂನು ಬಂತು. ಬಂದೂಕಿನ ವಿಷಯ, ಯಾರೂ ತಕರಾರು ತೆಗೆಯುವಂಥದ್ದಲ್ಲ. ಆದರೆ ಅದರ ಹಿಂದೆಯೇ ‘ಜೀರೋ ಟಾಲರೆನ್ಸ್’ ಅನ್ನೋ ಧೋರಣೆ ದೇಶಕ್ಕೆಲ್ಲ ಹರಡಿತು. 1999ರಲ್ಲಿ ಕೊಲಂಬೈನ್ ಶಾಲೆಯ ಹತ್ಯಾಕಾಂಡ ಆದ ಮೇಲಂತೂ ಇನ್ನೂ ಬಿಗಿಯಾಯಿತು. ಬಂದೂಕಿಗೆ ಮಾಡಿದ ಬಲೆ ಜಗಳಕ್ಕೆ, ಬೈಗುಳಕ್ಕೆ, ಎದುರುತ್ತರಕ್ಕೂ ಬೀಸತೊಡಗಿತು. ಇದರಿಂದ ಶಾಲೆಗಳು ಹೆಚ್ಚು ಸುರಕ್ಷಿತವಾದವು ಅನ್ನೋದಕ್ಕೆ ಪುರಾವೆ ಇಲ್ಲ, ಶಿಕ್ಷೆ ಎಲ್ಲರಿಗೂ ಒಂದೇ ಆಗಲೂ ಇಲ್ಲ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಸಮಿತಿ 2008ರಲ್ಲಿ ವರದಿ ಕೊಟ್ಟಿತು. ಯಾಕೆ ಹೀಗಾಯ್ತು? ನಿಯಮ ಎಷ್ಟೇ ಬಿಗಿಯಾಗಿರಲಿ, ‘ಇದು ಆ ನಿಯಮದ ಕೆಳಗೆ ಬರುತ್ತೆ’ ಅಂತ ಹೇಳೋದು ಮನುಷ್ಯನೇ. ವಿವೇಚನೆ ಎಲ್ಲೂ ಹೋಗಲಿಲ್ಲ, ಒಂದು ಮೆಟ್ಟಿಲು ಕೆಳಗೆ ಇಳಿಯಿತು. ಕರುಣೆ ತೋರಿಸುವ ಅಧಿಕಾರ ಮಾತ್ರ ಹೋಯಿತು.

ಕ್ಯಾಲಿಫೋರ್ನಿಯಾ ಬೇರೆ ದಾರಿ ಹಿಡಿಯಿತು. ಶಿಕ್ಷೆಯ ಕಾರಣಗಳ ಪಟ್ಟಿಯಿಂದ ಆ ಸಡಿಲ ಪದವನ್ನೇ ಕಿತ್ತುಹಾಕುವುದು. ‘ಉದ್ದೇಶಪೂರ್ವಕ ಅವಿಧೇಯತೆ’ ಅನ್ನೋ ಕಾರಣಕ್ಕೆ ಮಕ್ಕಳನ್ನು ಸಸ್ಪೆಂಡ್ ಮಾಡಬಾರದು ಅಂತ ಲಾಸ್ ಏಂಜಲೀಸ್‌ನ ಶಾಲಾ ಮಂಡಳಿ 2013ರಲ್ಲಿ ನಿರ್ಧರಿಸಿತು. 2014ರಲ್ಲಿ ರಾಜ್ಯ ಸರ್ಕಾರ ಮೂರನೇ ತರಗತಿಯವರೆಗೆ ಅದನ್ನು ಕಾನೂನು ಮಾಡಿತು. 2019ರಲ್ಲಿ ಎಂಟನೇ ತರಗತಿಯವರೆಗೆ, 2023ರಲ್ಲಿ ಹನ್ನೆರಡರವರೆಗೆ ವಿಸ್ತರಿಸಿತು. ಒಳ್ಳೆಯದೇ. ಆದರೆ ಒಂದು ಪದ ತೆಗೆದರೆ ಹುಡುಗ ಶಾಲೆಯಲ್ಲಿ ಉಳಿಯುತ್ತಾನೆ, ಅವನನ್ನು ನೋಡುವ ಕಣ್ಣು ಬದಲಾಗುವುದಿಲ್ಲ.

ಇಲ್ಲಿ ನಗರದ ಮಾತು ಬರಬೇಕು. ಈ ಹುಡುಗರು ಓದುವ ಶಾಲೆಗಳು ಹಾಗಿರುವುದು ತಾನಾಗಿಯೇ ಅಲ್ಲ. 1930ರ ದಶಕದಲ್ಲಿ ಅಮೆರಿಕ ಸರ್ಕಾರದ್ದೇ ಒಂದು ಸಂಸ್ಥೆ ನಗರಗಳ ನಕ್ಷೆ ಮಾಡಿ, ಕಪ್ಪು ಜನ ಇರುವ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಯಿತು. ಸಾಲ ಕೊಡುವುದು ಅಪಾಯ ಅನ್ನೋದು ಅದರ ಅರ್ಥ. ಮನೆ ಸಾಲ ಸಿಗಲಿಲ್ಲ, ಆಸ್ತಿಯ ಬೆಲೆ ಏರಲಿಲ್ಲ. ಅಮೆರಿಕದಲ್ಲಿ ಶಾಲೆಗೆ ಬರುವ ದುಡ್ಡಿನ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ. ಆಸ್ತಿಗೆ ಬೆಲೆ ಇಲ್ಲದ ಕಡೆ ಶಾಲೆಗೂ ದುಡ್ಡಿಲ್ಲ. 1954ರಲ್ಲಿ ಸುಪ್ರೀಂ ಕೋರ್ಟ್ ಬಣ್ಣದ ಆಧಾರದ ಮೇಲೆ ಶಾಲೆ ಬೇರೆ ಮಾಡಬಾರದು ಅಂತ ತೀರ್ಪು ಕೊಟ್ಟಿತು ನಿಜ. ಆದರೆ 1974ರಲ್ಲಿ ಡೆಟ್ರಾಯಿಟ್ ನಗರದ ಮೊಕದ್ದಮೆಯಲ್ಲಿ ಅದೇ ಕೋರ್ಟ್, ಸುತ್ತಲಿನ ಉಪನಗರಗಳ ಶಾಲಾ ಜಿಲ್ಲೆಗಳನ್ನು ಈ ಬೆರೆಸುವ ಯೋಜನೆಗೆ ಬಲವಂತವಾಗಿ ಸೇರಿಸುವಂತಿಲ್ಲ ಅಂತಲೂ ಹೇಳಿತು. ಒಂಬತ್ತರಲ್ಲಿ ಐದು ನ್ಯಾಯಮೂರ್ತಿಗಳ ತೀರ್ಪು ಅದು. ಬಿಳಿಯ ಕುಟುಂಬಗಳು ಗೆರೆಯ ಆಚೆ ಹೋದವು, ಗೆರೆ ಗೋಡೆಯಾಯಿತು.

ಈ ಗೆರೆಯ ಜೊತೆ ನಮಗೂ ಸಂಬಂಧ ಇದೆ. ಅಮೆರಿಕಕ್ಕೆ ಹೋದ ಕನ್ನಡದ ಇಂಜಿನಿಯರುಗಳು ಮನೆ ಕೊಳ್ಳುವಾಗ ಮೊದಲು ಕೇಳುವುದು ‘ಸ್ಕೂಲ್ ಡಿಸ್ಟ್ರಿಕ್ಟ್ ಹೇಗಿದೆ?’ ಅಂತ. ಹತ್ತಕ್ಕೆ ಎಷ್ಟು ರೇಟಿಂಗ್ ಅಂತ ನೋಡಿ, ಒಂಬತ್ತೋ ಹತ್ತೋ ಇರುವ ಕಡೆ ಕೈಲಾಗದಿದ್ದರೂ ಸಾಲ ಮಾಡಿ ಮನೆ ತಗೋತಾರೆ. ತಮ್ಮ ಮಕ್ಕಳಿಗೆ ಒಳ್ಳೆಯದನ್ನು ಬಯಸುವುದು ತಪ್ಪಲ್ಲ. ಆದರೆ ಆ ಹತ್ತು ಅಂಕದ ಬೆಲೆ ಗೆರೆಯ ಇನ್ನೊಂದು ಬದಿಯಲ್ಲಿ ಎರಡು ಅಂಕದ ಶಾಲೆ ಇರುವುದರಿಂದಲೇ ಬಂದಿದೆ ಅನ್ನೋದು ಗೊತ್ತಿರಲಿ. ‘ಆ ಏರಿಯಾ ಸರಿ ಇಲ್ಲ’ ಅಂತ ಹೊಸದಾಗಿ ಬಂದವರಿಗೆ ನಮ್ಮವರು ಹೇಳಿಕೊಡುವ ಮಾತಿನಲ್ಲಿ ಅಲ್ಲಿನ ಹುಡುಗರ ಬಗ್ಗೆ ಒಂದು ತೀರ್ಪು ಆಗಲೇ ಕೂತಿರುತ್ತದೆ.

ಗೆರೆಯ ಆ ಬದಿಯಲ್ಲಿ ಬೆಳಿಗ್ಗೆ ಶಾಲೆಗೆ ಬರುವ ಹುಡುಗನನ್ನು ಬಾಗಿಲಲ್ಲಿ ಮೊದಲು ಎದುರುಗೊಳ್ಳುವುದು ಎಷ್ಟೋ ಕಡೆ ಲೋಹ ಪತ್ತೆ ಮಾಡುವ ಯಂತ್ರ, ಪಕ್ಕದಲ್ಲಿ ಪೊಲೀಸ್. 2019ರ ಒಂದು ವರದಿಯ ಪ್ರಕಾರ ಅಮೆರಿಕದಲ್ಲಿ 17 ಲಕ್ಷ ಮಕ್ಕಳು ಓದುವ ಶಾಲೆಗಳಲ್ಲಿ ಪೊಲೀಸರಿದ್ದಾರೆ, ಆದರೆ ಮಕ್ಕಳ ಕಷ್ಟ ಕೇಳುವ ಕೌನ್ಸೆಲರ್ ಒಬ್ಬರೂ ಇಲ್ಲ. ಶಿಕಾಗೋದಲ್ಲಿ 2013ರಲ್ಲಿ ಒಂದೇ ಏಟಿಗೆ ಸುಮಾರು 50 ಸರ್ಕಾರಿ ಶಾಲೆಗಳನ್ನು ಮುಚ್ಚಿದರು. ಅಲ್ಲಿದ್ದ ಮಕ್ಕಳಲ್ಲಿ ಬಹುಪಾಲು ಕಪ್ಪು ಮಕ್ಕಳೇ. ತಾನು ಓದಿದ, ತನ್ನಮ್ಮ ಓದಿದ ಶಾಲೆಗೆ ಬೀಗ ಬಿದ್ದಾಗ ಆ ಹುಡುಗ ಏನು ಅಂದುಕೊಂಡಾನು? ಶಾಲೆ ಅವನನ್ನು ನಂಬುವುದಿಲ್ಲ ಅನ್ನೋದು ಒಂದು ಕಡೆ. ಶಾಲೆಯನ್ನು ಅವನು ಯಾಕೆ ನಂಬಬೇಕು ಅನ್ನೋದು ಇನ್ನೊಂದು ಕಡೆ.

ಈಗ ಶಿಕ್ಷಕರ ಪರವಾಗಿ ಹೇಳಬೇಕಾದ್ದನ್ನೂ ಹೇಳಬೇಕು. ಮೂವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ದಿನವೂ ಗಲಾಟೆ ಮಾಡಿದರೆ ಉಳಿದ ಇಪ್ಪತ್ತೊಂಬತ್ತು ಮಕ್ಕಳ ಪಾಠ ಹಾಳು. ಆ ಇಪ್ಪತ್ತೊಂಬತ್ತರಲ್ಲೂ ಬಡವರಿದ್ದಾರೆ, ಕಪ್ಪು ಮಕ್ಕಳಿದ್ದಾರೆ, ಅವರಿಗೂ ಓದುವ ಹಕ್ಕಿದೆ. ಮನೆಯಲ್ಲಿ ಹಸಿವು, ಬೀದಿಯಲ್ಲಿ ಗುಂಡಿನ ಸದ್ದು ಕೇಳಿ ಬಂದ ಹುಡುಗ ನಿಜಕ್ಕೂ ಕೈ ಮಾಡಬಹುದು. ಅದನ್ನೂ ಹುಡುಗಾಟ ಅನ್ನಬೇಕಾ? ಇದು ಗಟ್ಟಿ ಪ್ರಶ್ನೆ, ಜಾರಿಕೊಳ್ಳುವ ಹಾಗಿಲ್ಲ.

ನಾರ್ತ್ ಕೆರೊಲೈನಾದ ಶಾರ್ಲಟ್ ನಗರದಲ್ಲಿ ನಡೆದ ಒಂದು ಬದಲಾವಣೆ ಇದಕ್ಕೆ ಸ್ವಲ್ಪ ಉತ್ತರ ಕೊಡುತ್ತದೆ. ಕಪ್ಪು ಬಿಳಿ ಮಕ್ಕಳನ್ನು ಬಸ್ಸಿನಲ್ಲಿ ಸಾಗಿಸಿ ಶಾಲೆಗಳಲ್ಲಿ ಬೆರೆಸುವ ವ್ಯವಸ್ಥೆ ಅಲ್ಲಿ ದಶಕಗಳ ಕಾಲ ಇತ್ತು. ಅದು ಕೊನೆಯಾಗಿ 2002ರಲ್ಲಿ ಶಾಲೆಗಳ ಗಡಿಗಳನ್ನು ಹೊಸದಾಗಿ ಎಳೆದರು. ಒಂದೇ ಬಡಾವಣೆಯ ಮಕ್ಕಳು ಬೇರೆ ಬೇರೆ ಶಾಲೆಗೆ ಹಂಚಿಹೋದರು. ಕೆಲವರಿಗೆ ಹೆಚ್ಚು ಸಸ್ಪೆಂಡ್ ಮಾಡುವ ಶಾಲೆ, ಕೆಲವರಿಗೆ ಕಡಿಮೆ ಮಾಡುವ ಶಾಲೆ. ಮೂವರು ಅರ್ಥಶಾಸ್ತ್ರಜ್ಞರು ಈ ಮಕ್ಕಳು ದೊಡ್ಡವರಾದ ಮೇಲೆ ಏನಾದರು ಅಂತ ನೋಡಿದರು. ಕಟ್ಟುನಿಟ್ಟಿನ ಶಾಲೆಗೆ ಬಿದ್ದವರು ಮುಂದೆ ಅರೆಸ್ಟ್ ಆಗುವ, ಜೈಲು ಸೇರುವ ಸಂಭವ ನೂರಕ್ಕೆ 15ರಿಂದ 20ರಷ್ಟು ಹೆಚ್ಚಾಗಿತ್ತು. ಹೊಡೆತ ಹೆಚ್ಚು ಬಿದ್ದದ್ದು ಕಪ್ಪು ಮತ್ತು ಲ್ಯಾಟಿನೋ ಹುಡುಗರಿಗೆ. ಅದೇ ಬೀದಿ, ಅಂಥದ್ದೇ ಮನೆ, ಬೇರೆ ಇದ್ದದ್ದು ಶಾಲೆಯ ಕೈ. ಪುಂಡ ಅಂತ ಹೊರಗೆ ಹಾಕಿದ್ದರಿಂದ ಪುಂಡರು ಕಡಿಮೆಯಾಗಲಿಲ್ಲ, ತಯಾರಾದರು.

ಅಂದ ಮೇಲೆ ಪ್ರಶ್ನೆ ಇರುವುದು ಹುಡುಗನನ್ನು ತಡೆಯಬೇಕೋ ಬೇಡವೋ ಅನ್ನೋದರಲ್ಲಲ್ಲ. ತಡೆಯಲೇಬೇಕು. ತಡೆಯುವಾಗ ಅವನನ್ನು ಏನೆಂದು ತಿಳಿದು ತಡೆಯುತ್ತೇವೆ ಅನ್ನೋದರಲ್ಲಿದೆ. ಕೈ ಮಾಡಿದ ಮಗು ಎಂದೋ, ಕೈಗೆ ಸಿಕ್ಕಿಬಿದ್ದ ಅಪರಾಧಿ ಎಂದೋ?

ಈ ‘ಮಗು’ ಅನ್ನೋ ಪದವೇ ಕಪ್ಪು ಹುಡುಗರಿಗೆ ಬೇಗ ಕೈತಪ್ಪುತ್ತದೆ. ಫಿಲಿಪ್ ಗಾಫ್ ಮತ್ತು ಸಂಗಡಿಗರ 2014ರ ಅಧ್ಯಯನದ ಪ್ರಕಾರ ಹತ್ತು ವರ್ಷದಿಂದಾಚೆಗೆ ಕಪ್ಪು ಹುಡುಗರನ್ನು ಜನ ಅದೇ ವಯಸ್ಸಿನ ಬೇರೆ ಮಕ್ಕಳಷ್ಟು ಮುಗ್ಧರು ಅಂತ ನೋಡುವುದಿಲ್ಲ. ವಯಸ್ಸನ್ನೂ ಹೆಚ್ಚು ಅಂದಾಜು ಮಾಡುತ್ತಾರೆ. ಅಪರಾಧದ ಶಂಕೆ ಸೇರಿಕೊಂಡರೆ ಈ ತಪ್ಪು ಅಂದಾಜು ನಾಲ್ಕೂವರೆ ವರ್ಷದಷ್ಟಾಗುತ್ತದೆ. ಹದಿಮೂರರವನು ಹದಿನೇಳು ದಾಟಿದವನಂತೆ ಕಾಣುತ್ತಾನೆ.

2014ರ ನವೆಂಬರ್ 22ರಂದು ಕ್ಲೀವ್‌ಲ್ಯಾಂಡ್ ನಗರದ ಪಾರ್ಕಿನಲ್ಲಿ 12 ವರ್ಷದ ಟಮೀರ್ ರೈಸ್ ಆಟದ ಪಿಸ್ತೂಲು ಹಿಡಿದು ಆಡುತ್ತಿದ್ದ. ನೋಡಿದವರೊಬ್ಬರು ಪೊಲೀಸರಿಗೆ ಫೋನ್ ಮಾಡಿದರು. ಪಿಸ್ತೂಲು ಬಹುಶಃ ನಕಲಿ ಇರಬೇಕು, ಅವನು ಬಹುಶಃ ಇನ್ನೂ ಚಿಕ್ಕವನು ಅಂತಲೂ ಹೇಳಿದರು. ಆ ಎರಡು ‘ಬಹುಶಃ’ ಸ್ಥಳಕ್ಕೆ ಹೊರಟ ಪೊಲೀಸರಿಗೆ ತಲುಪಲಿಲ್ಲ. ಕಾರು ಬಂದು ನಿಂತ ಎರಡು ಸೆಕೆಂಡಿನೊಳಗೆ ಗುಂಡು ಹಾರಿತು. ಬಿದ್ದವನಿಗೆ ಸುಮಾರು ಇಪ್ಪತ್ತು ವರ್ಷ ಅಂತ ಪೊಲೀಸ್ ರೇಡಿಯೋದಲ್ಲಿ ಹೇಳಿದರು. ಇದು ಶಾಲೆಯೊಳಗೆ ನಡೆದದ್ದಲ್ಲ. ಆದರೆ ಶಾಲೆಯಲ್ಲಿ ದಿನವೂ ಸಣ್ಣದಾಗಿ ನಡೆಯುವುದು ಇದೇ, ಆ ‘ಬಹುಶಃ’ ದಾರಿಯಲ್ಲಿ ಎಲ್ಲೋ ಬಿದ್ದುಹೋಗುವುದು.

ಹುಡುಗನ ಕಡೆಯಿಂದ ಇದು ಹೇಗೆ ಕಾಣುತ್ತದೆ? ಕಪ್ಪು ಜನರ ದೊಡ್ಡ ಚಿಂತಕ ಡು ಬಾಯ್ಸ್ 1903ರ ತಮ್ಮ ಪುಸ್ತಕದಲ್ಲಿ, ಬೇರೆಯವರ ಕಣ್ಣಿಗೆ ತಾನೇ ಒಂದು ಸಮಸ್ಯೆಯಾಗಿ ಬದುಕುವುದು ಹೇಗಿರುತ್ತದೆ ಅಂತ ಬರೆದಿದ್ದರು. ನಮ್ಮ ಅಂಬೇಡ್ಕರ್ 1946ರಲ್ಲಿ ಇದೇ ಡು ಬಾಯ್ಸ್‌ಗೆ ಪತ್ರ ಬರೆದು, ಇಲ್ಲಿನ ಅಸ್ಪೃಶ್ಯರ ಸ್ಥಿತಿಗೂ ಅಲ್ಲಿನ ಕಪ್ಪು ಜನರ ಸ್ಥಿತಿಗೂ ಇರುವ ಸಾಮ್ಯ ಹೇಳಿದ್ದರು. ತರಗತಿಯೊಳಗೆ ಕೂತೂ ಹೊರಗಿನವನಾಗಿರುವುದು ಏನು ಅಂತ ಅಂಬೇಡ್ಕರರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತನ್ನನ್ನು ಸಮಸ್ಯೆ ಅಂತ ನೋಡುವ ಕಣ್ಣು ಹುಡುಗನಿಗೆ ಅರ್ಥವಾಗದೇ ಇರುವುದಿಲ್ಲ. ಮೇಷ್ಟ್ರು ಪ್ರಬಂಧಕ್ಕೆ ಕೆಂಪು ಶಾಯಿಯಲ್ಲಿ ತಿದ್ದಿದ್ದು ಅವನಿಗೆ ‘ಇದನ್ನು ಸುಧಾರಿಸು’ ಅಂತ ಕೇಳಿಸುತ್ತದೋ, ‘ನಿನ್ನಿಂದಾಗಲ್ಲ’ ಅಂತ ಕೇಳಿಸುತ್ತದೋ?

ಡೇವಿಡ್ ಯೇಗರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗ ಇದನ್ನೇ ಮುಟ್ಟಿ ನೋಡಿತು. ಏಳನೇ ತರಗತಿಯ ಮಕ್ಕಳ ಪ್ರಬಂಧಗಳನ್ನು ಎಂದಿನಂತೆ ತಿದ್ದಿ, ಕೆಲವರ ಹಾಳೆಗೆ ಒಂದು ಚೀಟಿ ಅಂಟಿಸಿದರು. ನಿನ್ನಿಂದ ನನಗೆ ದೊಡ್ಡ ನಿರೀಕ್ಷೆ ಇದೆ, ನೀನು ಅದನ್ನು ಮುಟ್ಟಬಲ್ಲೆ, ಅದಕ್ಕೇ ಇಷ್ಟು ತಿದ್ದಿದ್ದೇನೆ ಅನ್ನೋ ಅರ್ಥದ ಮಾತು. ಬೇಕಿದ್ದರೆ ಮತ್ತೆ ಬರೆದು ಕೊಡಬಹುದು ಅಂದಾಗ, ಈ ಚೀಟಿ ಇಲ್ಲದ ಕಪ್ಪು ವಿದ್ಯಾರ್ಥಿಗಳಲ್ಲಿ ನೂರಕ್ಕೆ 17 ಮಂದಿ ಬರೆದುಕೊಟ್ಟರೆ ಚೀಟಿ ಸಿಕ್ಕವರಲ್ಲಿ 70ಕ್ಕೂ ಹೆಚ್ಚು. ತಿದ್ದುವುದನ್ನು ಯಾರೂ ಕಡಿಮೆ ಮಾಡಲಿಲ್ಲ, ಮಾರ್ಕ್ಸ್ ಬಿಟ್ಟುಕೊಡಲಿಲ್ಲ. ಯಾವ ಕಣ್ಣಿಂದ ತಿದ್ದುತ್ತಿದ್ದೇವೆ ಅನ್ನೋದನ್ನ ಬಾಯಿಬಿಟ್ಟು ಹೇಳಿದರು, ಅಷ್ಟೇ.

ಶಿಕ್ಷಕರ ಕಣ್ಣನ್ನೂ ತಿದ್ದಬಹುದು. ಕ್ಯಾಲಿಫೋರ್ನಿಯಾದ ಐದು ಮಾಧ್ಯಮಿಕ ಶಾಲೆಗಳಲ್ಲಿ ಅದೇ ಒಕೊನೊಫುವಾ 31 ಶಿಕ್ಷಕರಲ್ಲಿ ಕೆಲವರಿಗೆ ಮಗುವಿನ ಕಡೆಯಿಂದ ಯೋಚಿಸುವ, ಶಿಕ್ಷೆಗಿಂತ ಮೊದಲು ಕಾರಣ ಕೇಳುವ ಬಗ್ಗೆ ಒಂದೆರಡು ಚಿಕ್ಕ ಆನ್‌ಲೈನ್ ಪಾಠ ಕೊಟ್ಟರು. ಆ ವರ್ಷ ಇಂಥ ಶಿಕ್ಷಕರ ಬಳಿ ಕಲಿತ ಮಕ್ಕಳಲ್ಲಿ ಸಸ್ಪೆಂಡ್ ಆದವರು ನೂರಕ್ಕೆ 4.8. ಈ ಪಾಠ ಸಿಗದ ಶಿಕ್ಷಕರ ಮಕ್ಕಳಲ್ಲಿ 9.6. ಓಕ್ಲಂಡ್ ನಗರದ ಶಾಲಾ ಜಿಲ್ಲೆ 2010ರಲ್ಲಿ ಕಪ್ಪು ಹುಡುಗರಿಗಾಗಿಯೇ ಒಂದು ಕಚೇರಿ ತೆರೆಯಿತು. ಶಾಲೆಯ ಸಮಯದಲ್ಲೇ ಕಪ್ಪು ಶಿಕ್ಷಕರು ಅವರಿಗೆ ಅವರ ಇತಿಹಾಸ, ಬದುಕು, ಜವಾಬ್ದಾರಿ ಎಲ್ಲ ಕಲಿಸುವ ತರಗತಿ ನಡೆಸಿದರು. ಅದು ಇದ್ದ ಕಡೆ ಕಪ್ಪು ಹುಡುಗರು ಓದು ಬಿಡುವುದು ನೂರಕ್ಕೆ 43ರಷ್ಟು ಇಳಿಯಿತು ಅಂತ 2019ರ ಅಧ್ಯಯನ ಹೇಳಿತು. ನಾರ್ತ್ ಕೆರೊಲೈನಾದ ಅಂಕಿಗಳಲ್ಲಿ ಮೂರರಿಂದ ಐದನೇ ತರಗತಿಯೊಳಗೆ ಒಬ್ಬರಾದರೂ ಕಪ್ಪು ಶಿಕ್ಷಕರು ಸಿಕ್ಕ ಕಡುಬಡ ಕಪ್ಪು ಹುಡುಗರು ಮುಂದೆ ಓದು ಬಿಡುವುದು ನೂರಕ್ಕೆ 39ರಷ್ಟು ಕಡಿಮೆ. ಆದರೆ ಇಡೀ ಅಮೆರಿಕದ ಸರ್ಕಾರಿ ಶಾಲಾ ಶಿಕ್ಷಕರಲ್ಲಿ ಕಪ್ಪು ಗಂಡಸರು ನೂರಕ್ಕೆ ಇಬ್ಬರೂ ಇಲ್ಲ. 1954ರ ತೀರ್ಪಿನ ನಂತರ ಶಾಲೆಗಳನ್ನು ಒಂದು ಮಾಡುವಾಗ ದಕ್ಷಿಣದ ರಾಜ್ಯಗಳಲ್ಲಿ ಸಾವಿರಾರು ಕಪ್ಪು ಶಿಕ್ಷಕರು ಕೆಲಸ ಕಳೆದುಕೊಂಡರು. ಮಕ್ಕಳನ್ನು ಬಿಳಿಯರ ಶಾಲೆ ಸೇರಿಸಿಕೊಂಡಿತು, ಅವರ ಮೇಷ್ಟ್ರುಗಳನ್ನು ಸೇರಿಸಿಕೊಳ್ಳಲಿಲ್ಲ.

ಮೊದಲಿನ ಪ್ರಶ್ನೆಗೆ ಬರೋಣ. ಸಂಶಯದ ಲಾಭ ಉಪಕಾರವೋ, ಬಾಕಿಯೋ? ನನ್ನ ಪ್ರಕಾರ ಬಾಕಿ, ಅದಕ್ಕೆ ಕಾರಣವೂ ಇದೆ. ದೊಡ್ಡವರ ಬಗ್ಗೆ ತೀರ್ಮಾನ ಮಾಡುವಾಗ ಅವರ ಹಿಂದಿನ ನಡತೆ ನೋಡುತ್ತೇವೆ. ಅವರ ಪರವಾಗಿ ಸಾಕ್ಷಿ ಹೇಳಲು ಅವರ ಬದುಕೇ ಇದೆ. ಮಗುವಿಗೆ ಅಂಥ ಹಿಂದಿನದು ಏನೂ ಇರುವುದಿಲ್ಲ. ನಾನು ಒಳ್ಳೆಯವನು ಅಂತ ಸಾಬೀತು ಮಾಡಲು ಹತ್ತು ವರ್ಷದ ಹುಡುಗ ಏನು ತಂದು ತೋರಿಸಬೇಕು? ಅವನ ಹಾಳೆ ಖಾಲಿ. ಖಾಲಿ ಹಾಳೆಯನ್ನು ನೋಡುವವರು ತಮ್ಮ ಮನಸ್ಸಿನಲ್ಲಿ ಇರುವುದನ್ನೇ ಅಲ್ಲಿ ಓದುತ್ತಾರೆ. ಒಂದು ಸಮಾಜ ನಾನೂರು ವರ್ಷಗಳಿಂದ ಬರೆದುಕೊಂಡು ಬಂದಿರುವುದನ್ನು ಆ ಹುಡುಗನ ಹಾಳೆಯ ಮೇಲೆ ಓದಿ, ನಿನ್ನದೇ ಕೈಬರಹ ಇದು ಅಂದರೆ ಅದು ಸುಳ್ಳು. ಆ ಸುಳ್ಳು ಹೇಳದೇ ಇರುವುದು ಉಪಕಾರ ಅಲ್ಲ, ಕನಿಷ್ಠ ಪ್ರಾಮಾಣಿಕತೆ.

ಇದು ಬಾಕಿ ಅಂತ ಒಪ್ಪಿದರೆ ಲೆಕ್ಕ ಕೇಳುವ ರೀತಿಯೂ ಬದಲಾಗುತ್ತದೆ. ಎಷ್ಟು ಮಂದಿ ತಪ್ಪು ಮಾಡಿದರು ಅಂತ ಕೇಳುವುದರ ಜೊತೆಗೆ, ತಪ್ಪು ಮಾಡಿದವರಲ್ಲಿ ಯಾರ ತಪ್ಪನ್ನು ಸಂಜೆಯೊಳಗೆ ಮರೆತೆವು, ಯಾರದ್ದನ್ನು ಬರೆದಿಟ್ಟುಕೊಂಡೆವು ಅಂತಲೂ ಕೇಳಬೇಕಾಗುತ್ತದೆ. ಶಿಕ್ಷೆಯ ಪುಸ್ತಕದಲ್ಲಿ ಇದು ಸಿಗುವುದಿಲ್ಲ, ಯಾಕೆಂದರೆ ಮರೆತದ್ದಕ್ಕೆ ದಾಖಲೆ ಇರುವುದಿಲ್ಲ. ಗ್ರೆಗ್‌ನ ಎರಡನೇ ತಪ್ಪು ಯಾವ ಕಾಗದದ ಮೇಲೂ ಇಲ್ಲ. ಡಾರ್ನೆಲ್‌ಗೆ ಕೊಡಬೇಕಾದ್ದು ಅಷ್ಟೇ, ಗ್ರೆಗ್‌ಗೆ ಯಾರೂ ಕೇಳದೆ ಸಿಕ್ಕಿದ ಆ ಮರೆವು.